ಬಿಸ್ಕತ್ತಿನ ಡಬ್ಬದಲ್ಲಿ ಸಿಕ್ಕ ಹೆಸರು

ಕಣ್ಣಿಗೆ ಕಾಣದ್ದನ್ನು ನಂಬುವ ಜಾಯಮಾನ ನನ್ನದಲ್ಲ. ದೆವ್ವದ ಕಥೆ ಹೇಳುವವರನ್ನು ಗೇಲಿ ಮಾಡಿ, ಅವರು ಅರ್ಧಕ್ಕೇ ಎದ್ದುಹೋಗುವಂತೆ ಮಾಡಿದವನು ನಾನು. ಈಗ ಬರೆಯುವುದರಲ್ಲಿ ದೆವ್ವವೇನೂ ಇಲ್ಲ. ನಡೆದದ್ದು ಮಟಮಟ ಮಧ್ಯಾಹ್ನ, ಹೊಸೂರಿನ ಒಂದು ಫೋಟೊ ಸ್ಟುಡಿಯೋದಲ್ಲಿ. ಇಷ್ಟು ವರ್ಷ ಯಾರಿಗೂ ಹೇಳದೆ ಉಳಿದದ್ದು ಹೆದರಿಕೆಯಿಂದಲ್ಲ, ನಾಚಿಕೆಯಿಂದ.

ಎಂಬತ್ತರ ದಶಕ ಆಗತಾನೇ ಶುರುವಾಗಿತ್ತು. ಮೂಕಂಡಪಲ್ಲಿ ಕಡೆ ಕಾರ್ಖಾನೆಗಳು ಏಳುತ್ತಿದ್ದವು. ಗುರುತಿನ ಚೀಟಿಗೆ ಫೋಟೊ ತೆಗೆಸುವವರಿಗೆ ಕೊನೆಯೇ ಇರಲಿಲ್ಲ. ಸ್ಟುಡಿಯೋದಲ್ಲಿ ಇದ್ದದ್ದು ಮುದಲಾಳಿ, ಅಂದರೆ ತಮಿಳರಾದ ನಮ್ಮ ಯಜಮಾನರು, ಮತ್ತು ನಾನು, ಇಬ್ಬರೇ. ಮುದಲಾಳಿಗೆ ಕನ್ನಡ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ನೆಗೆಟಿವ್‌ಗಳಿಗೆ ನಂಬರು ಹಾಕಿ ಇಡುತ್ತಿದ್ದೆವು. ರಸೀದಿ ಕಳೆದುಕೊಂಡ ಗಿರಾಕಿ ಬಂದರೆ ಅರ್ಧ ದಿನ ಹುಡುಕಾಟ.

ಅದಕ್ಕೆ ನಾನೊಂದು ಉಪಾಯ ಮಾಡಿದೆ. ಫೋಟೊ ಕಾಗದದ ಪೊಟ್ಟಣದಲ್ಲಿ ಬರುವ ರಟ್ಟನ್ನು ಕಾರ್ಡಿನಂತೆ ಕತ್ತರಿಸಿ, ಒಂದೊಂದರ ತಲೆಯಲ್ಲಿ ಒಂದೊಂದು ಪದ ಬರೆದೆ. ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜು, ಹೀಗೆ. ಪದದ ಕೆಳಗೆ ಅದಕ್ಕೆ ಸೇರಿದ ನೆಗೆಟಿವ್‌ಗಳ ನಂಬರುಗಳು. ಎಲ್ಲವನ್ನೂ ಅಕಾರಾದಿಯಾಗಿ ಒಂದು ಬಿಸ್ಕತ್ತಿನ ಡಬ್ಬದಲ್ಲಿ ಜೋಡಿಸಿಟ್ಟೆ.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಜನರ ಹೆಸರು ಕೇಳುವ ವ್ಯವಧಾನ ನನಗಿರಲಿಲ್ಲ. ಮುಖ ನೋಡಿ ಪದ ಇಡುತ್ತಿದ್ದೆ. ಉಬ್ಬುಹಲ್ಲು. ಮೆಳ್ಳಗಣ್ಣು. ಬೊಕ್ಕತಲೆ. ಸಿಡುಬಿನ ಮುಖ. ಯಾರದೇ ನೆಗೆಟಿವ್ ಆದರೂ ನಿಮಿಷದಲ್ಲಿ ಕೈಗೆ ಬರುತ್ತಿತ್ತು. ಮುದಲಾಳಿ ಬಂದವರ ಮುಂದೆಲ್ಲ ಹೊಗಳುತ್ತಿದ್ದರು. ನನಗೆ ಕೋಡು ಮೂಡಿತ್ತು.

ಆ ದಿನ ಮುದಲಾಳಿ ಊಟಕ್ಕೆ ಹೋಗಿದ್ದರು. ರಾಯಕೋಟೆ ಕಡೆಯ ಮುನಿಯಪ್ಪ ಎಂಬ ರೈತ ಬಂದು ಟವೆಲ್ಲು ಕೈಯಲ್ಲಿ ಹಿಡಿದು ನಿಂತ.

"ನಾಳೆ ನನ್ ಮಗಳ ತಿಥಿ ಸಾಮಿ. ಜ್ವರ ಬಂದು ಹೋಗ್ಬುಟ್ಲು. ಮುಂದಿಟ್ಟು ಪೂಜೆ ಮಾಡಾಕೆ ಮನೆಯಾಗೆ ಅವಳ್ದು ಒಂದು ಪೋಟೋನೂ ಇಲ್ಲ. ಹೋದ್ ವರ್ಸ ಇಲ್ಲೇ ತೆಗೆಸಿದ್ವಿ. ಗಂಡಿನ ಕಡೆಯೋರು ಈಸ್ಕೊಂಡ್ರು, ಹುಡ್ಗಿ ಬ್ಯಾಡ ಅಂದ್ರು, ಪೋಟೋನೂ ವಾಪಸ್ ಕೊಡ್ಲಿಲ್ಲ."

ರಸೀದಿ ಇರಲಿಲ್ಲ. ಹೆಣ್ಣು ನೋಡುವುದಕ್ಕೆಂದು ತೆಗೆಸಿದ ಫೋಟೊಗಳೇ ನೂರಾರು. ನಾನು ಡಬ್ಬ ತೆರೆದು, "ಮುಖದಲ್ಲಿ ಏನಾದರೂ ಗುರುತು ಇತ್ತಾ?" ಎಂದು ಕೇಳಿದೆ.

ಆತ ಡಬ್ಬದ ಕಡೆ ನೋಡಿದ. ಆಮೇಲೆ, "ಅವಳ ಹೆಸ್ರು ಪದ್ಮ ಸಾಮಿ" ಎಂದ.

ಹೆಸರಿನಿಂದ ಸಿಗುವುದಿಲ್ಲ ಎಂದು ತೋರಿಸಲಿಕ್ಕೇ ನಾನು ಪಕಾರದ ಕಡೆ ಕಾರ್ಡು ಸರಿಸಿದೆ. ಪಾಸ್‌ಪೋರ್ಟ್ ಸೈಜಿಗಿಂತ ಮುಂಚೆ ಒಂದು ಕಾರ್ಡಿತ್ತು. ತಲೆಯಲ್ಲಿ ಪದ್ಮ ಎಂದು ಬರೆದಿತ್ತು. ಕೆಳಗೆ ಒಂದೇ ನಂಬರು. ಬರವಣಿಗೆ ನನ್ನದೇ.

ಕಾರ್ಡನ್ನು ಡಬ್ಬದಿಂದ ತೆಗೆದು ಮುಂದಿಟ್ಟುಕೊಂಡೆ. ಆ ಡಬ್ಬದಲ್ಲಿ ನಾನು ಯಾರ ಹೆಸರನ್ನೂ ಬರೆದಿರಲಿಲ್ಲ. ಆ ನಂಬರಿನ ನೆಗೆಟಿವ್ ತೆಗೆದು ಬೆಳಕಿಗೆ ಹಿಡಿದೆ. ಹುಡುಗಿ ಮುಖ ವಾರೆ ಮಾಡಿ ಕೂತಿದ್ದಳು. ಆಗ ನೆನಪಾಯಿತು. ಸಿಡುಬಿನ ಕಲೆ ಕಾಣಬಾರದೆಂದು ಹಾಗೆ ಕೂರಿಸಿದವನು ನಾನೇ. "ಇದ್ದಂಗೇ ತೆಗೀರಣ್ಣ" ಎಂದು ಅವಳು ಹೇಳಿದ್ದಳು. ನಾನು ಕೇಳಿರಲಿಲ್ಲ. ಹೆಸರನ್ನೂ ಕೇಳಿರಲಿಲ್ಲ.

ಅಷ್ಟರಲ್ಲಿ ಮುನಿಯಪ್ಪ ಕಾರ್ಡನ್ನು ಕೈಗೆತ್ತಿಕೊಂಡು ಅಕ್ಷರ ಕೂಡಿಸಿ ಓದಿದ. ಅವನ ಕಣ್ಣು ತುಂಬಿತು.

"ನೋಡಾಕೆ ಬಂದೋರೇ ಅವಳ ಹೆಸ್ರು ಕೇಳ್ಲಿಲ್ಲ. ಒಂದೇ ದಪ ಬಂದಿದ್ಲು ಇಲ್ಲಿಗೆ. ನೀವು ನೆಪ್ಪಿಟ್ಕೊಂಡಿದ್ದೀರಲ್ಲ ಸಾಮಿ."

ನಾನು ಬರೆದದ್ದಲ್ಲ ಎನ್ನಬೇಕಿತ್ತು. "ಮರೆಯೋದು ಹೆಂಗಪ್ಪ" ಎಂದುಬಿಟ್ಟೆ. ಆತ ನನಗೆ ಕೈಮುಗಿದ.

ಸಂಜೆ ಬಸ್ಸಿನ ಹೊತ್ತಿಗೆ ಪ್ರಿಂಟು ಒಣಗಿಸಿ ಕೊಟ್ಟು ಕಳಿಸಿದೆ. ಆಮೇಲೆ ಸಿಡುಬಿನ ಮುಖ ಎಂಬ ಕಾರ್ಡು ತೆಗೆದು ನೋಡಿದೆ. ಅದರಲ್ಲೂ ಅದೇ ನಂಬರು ಇತ್ತು. ಮುದಲಾಳಿಯನ್ನು ಕೇಳಿದರೆ, "ನಿನ್ನ ಡಬ್ಬ ನಾನ್ಯಾಕೆ ಮುಟ್ಲಿ?" ಎಂದರು. ಮುದಲಾಳಿ ತಮಿಳಿನಲ್ಲಿ ಬರೆದಿಟ್ಟ ರಸೀದಿ ಪುಸ್ತಕದ ನಕಲು ಹುಡುಕಿದೆ. ಅದರಲ್ಲಿ ಇದ್ದದ್ದು ಮುನಿಯಪ್ಪ, ರಾಯಕೋಟೆ, ಅಷ್ಟೇ.

ಆಮೇಲೆ ಎಷ್ಟೋ ವರ್ಷ ಮುನಿಯಪ್ಪ ಅವರೆಕಾಯಿ ಕಾಲದಲ್ಲಿ ಒಂದು ಚೀಲ ಕಾಯಿ ತಂದುಕೊಡುತ್ತಿದ್ದ. ಜೊತೆಗೆ ಬಂದ ನೆಂಟರಿಗೆ ನನ್ನನ್ನು ತೋರಿಸಿ, "ನನ್ ಮಗಳ ಹೆಸ್ರು ಉಳಿಸ್ದೋರು ಇವ್ರೇ" ಎನ್ನುತ್ತಿದ್ದ. ಪ್ರತಿಸಲವೂ ಇವತ್ತು ನಿಜ ಹೇಳಿಬಿಡೋಣ ಎಂದುಕೊಳ್ಳುತ್ತಿದ್ದೆ. ಪ್ರತಿಸಲವೂ ಚೀಲ ಇಸಿದುಕೊಂಡು ಸುಮ್ಮನಾಗುತ್ತಿದ್ದೆ. ಒಂದು ವರ್ಷ ಅವನು ಬರಲಿಲ್ಲ, ಆಮೇಲೆ ಬರಲೇ ಇಲ್ಲ.

ಡಬ್ಬ ಎಂದೋ ಹಾಳಾಯಿತು. ಆ ಎರಡು ಕಾರ್ಡು ಮಾತ್ರ ಇಟ್ಟುಕೊಂಡಿದ್ದೇನೆ. ಮಸಿ ಒಂದೇ, ಕೈ ಒಂದೇ. ಪದ್ಮ ಎಂದು ಯಾವಾಗ ಬರೆದೆ, ಬರೆದವನು ನಾನೇ ಹೌದೇ, ಎಷ್ಟು ನೆನೆಸಿಕೊಂಡರೂ ತಿಳಿಯುವುದಿಲ್ಲ. ಸಿಡುಬಿನ ಮುಖ ಎಂದು ಬರೆದದ್ದು ಚೆನ್ನಾಗಿ ನೆನಪಿದೆ. ಬರೆಯುತ್ತ ನಕ್ಕದ್ದೂ ನೆನಪಿದೆ.