ಗೆರೆ ಸೊನ್ನೆ ಮುಟ್ಟುವ ವರ್ಷ

"ಮಿಸ್, ಹಾಗಾದ್ರೆ ನನ್ನ ತಂಗಿ ಎಂಟನೇ ಕ್ಲಾಸಿಗೆ ಬರೋ ಹೊತ್ತಿಗೆ ನಮ್ ಸ್ಕೂಲೇ ಇರಲ್ವಾ?"

ಒಂಬತ್ತನೇ ತರಗತಿಯ ಕಾವೇರಿ ಗ್ರಾಫ್ ಹಾಳೆ ಹಿಡಿದು ಹೀಗೆ ಕೇಳಿದಾಗ ಬೋರ್ಡಿನ ಮೇಲೆ ನನ್ನ ಕೈ ನಿಂತಿತು. ಸರಳರೇಖೆಯು ಅಕ್ಷಗಳನ್ನು ಎಲ್ಲಿ ಛೇದಿಸುತ್ತದೆ ಎಂದು ಕಲಿಸುತ್ತಿದ್ದೆ. ಹತ್ತಿರದ ಉದಾಹರಣೆ ಇರಲಿ ಎಂದು ಭದ್ರಾವತಿ ನ್ಯೂ ಟೌನಿನ ನಮ್ಮ ಶಾಲೆಯ ಮಕ್ಕಳ ಸಂಖ್ಯೆಯನ್ನೇ ಕೊಟ್ಟಿದ್ದೆ. ಅಡ್ಡ ಅಕ್ಷದಲ್ಲಿ ವರ್ಷ, ಉದ್ದ ಅಕ್ಷದಲ್ಲಿ ಮಕ್ಕಳು. ಸೊರಗುತ್ತಿದ್ದ ಊರಿನ ಉಕ್ಕಿನ ಕಾರ್ಖಾನೆಯ ಕ್ವಾರ್ಟರ್ಸ್ ಖಾಲಿಯಾದ ಹಾಗೆಲ್ಲ ನಮ್ಮ ಬೆಂಚುಗಳೂ ಖಾಲಿಯಾಗುತ್ತಿವೆ ಎಂದು ಗೊತ್ತಿತ್ತು. ಆ ಗೆರೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಮಾತ್ರ ನಾನು ಎಳೆದು ನೋಡಿರಲಿಲ್ಲ. ಕಾವೇರಿ ಸ್ಕೇಲ್ ಇಟ್ಟು ಎಳೆದಿದ್ದಳು. ಗೆರೆ ಅಡ್ಡ ಅಕ್ಷವನ್ನು ಮುಟ್ಟಿದ ಕಡೆ ದುಂಡಗೆ ಒಂದು ಚುಕ್ಕೆ ಇಟ್ಟು, ಪಕ್ಕದಲ್ಲಿ ವರ್ಷವನ್ನೂ ಬರೆದಿದ್ದಳು.

"ಲೆಕ್ಕ ಬೇರೆ, ಸ್ಕೂಲ್ ಬೇರೆ ಕಣೇ. ಹೋಗಿ ಕೂತ್ಕೋ," ಎಂದು ರೇಗಿದೆ.

ಲೆಕ್ಕ ತಪ್ಪಾಯಿತು ಅಂದುಕೊಂಡಳೇನೋ, ಬೆಂಚಿಗೆ ಹೋಗಿ ರಬ್ಬರಿನಿಂದ ಆ ಚುಕ್ಕೆಯನ್ನು ಉಜ್ಜತೊಡಗಿದಳು.

ಗಣಿತದ ಟೀಚರಾಗಿ ಎಷ್ಟೋ ತಪ್ಪು ಉತ್ತರಗಳನ್ನು ಅಳಿಸಿ ಬರೆಸಿದ್ದೇನೆ. ಸರಿಯಾದ ಉತ್ತರವನ್ನು ಮಗುವೊಂದು ಅಳಿಸುವುದನ್ನು ನೋಡುತ್ತ ಸುಮ್ಮನೆ ನಿಂತದ್ದು ಅದೇ ಮೊದಲು.