ಗೆರೆಯಕ್ಕನ ಸೊಟ್ಟ ಗೆರೆ

ಹಿಟ್ಟು ನಾದುವ ಯಂತ್ರಗಳ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ನಕ್ಷೆ ಬರೆದ ಆ ಹೆಂಗಸನ್ನು ಎಲ್ಲರೂ ಕರೆಯುತ್ತಿದ್ದದ್ದು ಗೆರೆಯಕ್ಕ ಎಂದೇ. ಸ್ಕೇಲಿಲ್ಲದೆ ಎಳೆದರೂ ಅವಳ ಗೆರೆ ಕೂದಲೆಳೆಯಷ್ಟೂ ಅಲುಗುತ್ತಿರಲಿಲ್ಲ. ಆ ಜಂಬ ಅವಳಿಗೂ ಇತ್ತು. ಇರಲಿ ಬಿಡಿ, ಕೈಯಲ್ಲಿ ವಿದ್ಯೆ ಇದ್ದವರಿಗೆ ಅಷ್ಟೂ ಬೇಡವೇ?

ಈ ವರ್ಷ ಮ್ಯಾನೇಜರು ಹೊಸ ಸಾಫ್ಟ್‌ವೇರ್ ತರಿಸಿದರು. ಯಂತ್ರ ಏನು ಮಾಡಬೇಕೆಂದು ಟೈಪಿಸಿದರೆ ಸಾಕು, ಅದು ಹೇಗಿರಬಹುದೆಂಬ ಚಿತ್ರಗಳು ಸಾಲುಸಾಲಾಗಿ ಬರುತ್ತಿದ್ದವು. ಗೆರೆಯಕ್ಕನಿಗೆ ಅದು ಇಷ್ಟವೇ ಆಯಿತು. ಅವಳು ವಾರವಿಡೀ ತಲೆ ಕೆರೆದುಕೊಂಡು ಬರೆಯುವಷ್ಟನ್ನು ಅದು ಟೀ ಆರುವುದರೊಳಗೆ ಕೊಡುತ್ತಿತ್ತು. ಗ್ರಹಚಾರ ಶುರುವಾದದ್ದು ಮೀಟಿಂಗಿನಲ್ಲಿ. ಮೊದಲ ಚಿತ್ರವೇ ಅಂಗಡಿಯಲ್ಲಿಟ್ಟ ಮಾಲಿನಂತೆ ಮಿರಮಿರ ಮಿಂಚುತ್ತಿದ್ದುದರಿಂದ ಎಲ್ಲರೂ ತಲೆದೂಗಿದರು. ತಳದಲ್ಲಿ ಅಂಟಿದ ಹಿಟ್ಟು ಕೆರೆಯಲು ಕೈ ಹಾಕಿದರೆ ಬೆರಳು ನೇರ ಅಲಗಿಗೆ ಎಂದು ಅವಳು ಹೇಳಿದಳು. ಹಳಬರಿಗೆ ಹೊಸದೆಲ್ಲ ಓರೆಯೇ ಎಂದು ಮ್ಯಾನೇಜರು ನಕ್ಕರು.

ಆ ಯಂತ್ರವನ್ನು ಓಡಿಸಿ ನೋಡಿ ತೊಳೆಯಬೇಕಾದವನು ಅವಳ ಮೈದುನ, ಅಲ್ಲೇ ಫಿಟ್ಟರ್. ಮನೆಯಲ್ಲಿ ಉಪ್ಪಿನಿಂದ ಹಿಡಿದು ಬಾಗಿಲಿನ ಚಿಲಕದವರೆಗೆ ಕೊಂಕು ತೆಗೆಯುವ ಆಸಾಮಿ ಆ ಮೀಟಿಂಗಿನಲ್ಲಿ ಬಾಯಿಗೆ ಬೀಗ ಜಡಿದುಕೊಂಡು ಕೂತಿದ್ದ. ಸಂಜೆ ಕೇಳಿದರೆ, "ಅಷ್ಟು ಚೆನ್ನಾಗಿ ಬಂದಿತ್ತಲ್ಲ ಅತ್ತಿಗೆ, ಎಲ್ಲಾ ಮುಗಿದೇ ಹೋಗಿದೆ ಅಂದ್ಕೊಂಡೆ" ಎಂದ.

ಅವಳಿಗೆ ಮೈಯೆಲ್ಲ ಉರಿಯಿತು. ಜೊತೆಗೇ ಒಂದು ಕಿತಾಪತಿಯೂ ಹೊಳೆಯಿತು. ಮರುದಿನ ಅದೇ ಚಿತ್ರವನ್ನು ಪೆನ್ಸಿಲ್ ಹಿಡಿದು ಎಡಗೈಯಲ್ಲಿ ನಕಲು ಮಾಡಿದಳು. ಗೆರೆಗಳೆಲ್ಲ ಸೊಟ್ಟಪಟ್ಟ, ಸಾಲದೆಂದು ಅಲ್ಲಲ್ಲಿ ಉಜ್ಜಿ ಕೊಳೆ ಮಾಡಿದಳು. ಕಂಪ್ಯೂಟರ್ ಸತಾಯಿಸುತ್ತಿದೆ, ಸದ್ಯಕ್ಕೆ ಇದನ್ನೇ ನೋಡಿ ಎಂದು ಹಸಿ ಸುಳ್ಳು ಹೇಳಿ ಮೀಟಿಂಗಿನ ಮೇಜಿನ ಮೇಲಿಟ್ಟಳು.

ಮುಗಿಬಿದ್ದರು ನೋಡಿ! ಸ್ಟೋರಿನವರಿಗೆ ಮುಚ್ಚಳ ಸರಿಬರಲಿಲ್ಲ. ಎಲೆಕ್ಟ್ರಿಷಿಯನ್ ಮೋಟಾರನ್ನು ಅಳಿಸಿ ಬೇರೆಡೆ ಬರೆದ. ಕೊನೆಗೆ ಮೈದುನನೇ ಪೆನ್ಸಿಲ್ ಕಿತ್ತುಕೊಂಡ. "ಇಲ್ಲಿ ಕೈ ಹಾಕಿದ್ರೆ ಬೆರಳು ಉಳಿಯುತ್ತಾ? ಮುಚ್ಚಳ ತೆಗೆದ ತಕ್ಷಣ ಅಲಗು ನಿಲ್ಬೇಕು." ಮ್ಯಾನೇಜರು ಹೂಂ ಎಂದರು. ಆ ಮಾತನ್ನೇ ಅವಳು ಟೈಪಿಸಿದಾಗ ಸಾಫ್ಟ್‌ವೇರ್ ಆರು ದಾರಿ ತೋರಿಸಿತು. ಪಾಪ, ಅದಕ್ಕೆ ಯಾರೂ ಹೇಳಿರಲಿಲ್ಲ ಅಷ್ಟೆ.

ಆದರೆ ಗೆರೆಯಕ್ಕನಿಗೆ ಕೈ ನಡುಗುತ್ತದಂತೆ ಎಂಬ ಸುದ್ದಿ ಕಾರ್ಖಾನೆಯಿಡೀ ಹಬ್ಬಿತು. ಅವಳ ಜಂಬಕ್ಕೆ ಇದಕ್ಕಿಂತ ಪೆಟ್ಟು ಬೇಕೇ? ನಿಜ ಹೇಳಿಬಿಟ್ಟರೆ ಮುಂದಿನ ಚಿತ್ರಕ್ಕೆ ಯಾರೂ ಬಾಯಿ ಬಿಡುವುದಿಲ್ಲವೆಂದು ನುಂಗಿಕೊಂಡಳು. ಸಂಜೆ ಮೈದುನ ಮೆಲ್ಲಗೆ ಹತ್ತಿರ ಬಂದು, ಒಂದ್ಸಲ ಡಾಕ್ಟರಿಗೆ ತೋರಿಸೋಣ ಎಂದ.

"ತೋರಿಸೋಣಂತೆ" ಎಂದಳು ಅತ್ತಿಗೆ. "ಮೊದ್ಲು ನೀನು ನಿನ್ನ ಬೆರಳು ಎಣಿಸ್ಕೋ."