ಪೊರ್ಬುಗಳ ಪ್ರೆಸ್ಸು ನನ್ನ ಕೈಗೆ ಬಂದದ್ದು

ಬಂದರಿನ ಗೋದಾಮುಗಳ ಹಿಂದೆ ಇದ್ದ ಒಂದು ತಗಡಿನ ಕಾರ್ಖಾನೆಯಲ್ಲಿ ನಾನು ಹನ್ನೊಂದು ವರ್ಷ ಕೆಲಸ ಮಾಡಿದೆ. ಗೇರುಬೀಜ ತುಂಬಿಸಿ ಹಡಗಿಗೆ ಕಳಿಸುವ ಚೌಕಾಕಾರದ ಡಬ್ಬಿಗಳನ್ನು ಅಲ್ಲಿ ಮಾಡುತ್ತಿದ್ದರು. ಐವತ್ತರ ದಶಕದ ಕೊನೆಗೆ ನಾನು ಸೇರಿದಾಗ ಹೆಂಗಸರಿಗೆ ಅಲ್ಲಿ ಇದ್ದದ್ದು ಒಂದೇ ಕೆಲಸ, ಬೆಸುಗೆ ಹಾಕುವುದು. ತಗಡು ಕತ್ತರಿಸುವ, ಮಡಚುವ, ಒತ್ತುವ ಯಂತ್ರಗಳೆಲ್ಲ ಗಂಡಸರ ಕೈಯಲ್ಲಿದ್ದವು. ನಾವು ಎಂಟು ಜನ ಉದ್ದದ ಬೆಂಚಿನಲ್ಲಿ ಕೂತು, ಕಾದ ಕಬ್ಬಿಣದಿಂದ ಸೀಸ ಕರಗಿಸಿ ಡಬ್ಬಿಯ ಅಂಚಿಗೆ ಎಳೆಯುತ್ತಿದ್ದೆವು. ಸಂಜೆ ಕೂಳೂರಿನ ಮನೆಗೆ ಹೋಗಿ ಮಿಂದರೂ ಆ ಹೊಗೆಯ ವಾಸನೆ ಕೂದಲಿನಿಂದ ಹೋಗುತ್ತಿರಲಿಲ್ಲ.

ಮುಚ್ಚಳ ಒತ್ತುವ ಪ್ರೆಸ್ಸನ್ನು ನಡೆಸುತ್ತಿದ್ದವರು ಐವತ್ತು ದಾಟಿದ ಒಬ್ಬ ಕೊಂಕಣಿ ಕ್ರೈಸ್ತರು. ತುಳು ಮಾತಾಡುವ ನಾವು ಕ್ರೈಸ್ತ ಹಿರಿಯರನ್ನು ಕರೆಯುವ ರೂಢಿಯಂತೆ ಅವರನ್ನು ಪೊರ್ಬುಗಳು ಎನ್ನುತ್ತಿದ್ದೆವು. ಅವರ ಯಂತ್ರ ಆಳೆತ್ತರ ಇತ್ತು. ಮೇಲಿನ ಗಾಲಿಗೆ ಚರ್ಮದ ಬೆಲ್ಟು, ಕೆಳಗೆ ಕಾಲಿನಿಂದ ತುಳಿಯುವ ಪೆಡಲು. ತಗಡಿನ ತುಂಡನ್ನು ಕೆಳಗಿನ ಅಚ್ಚಿನ ಮೇಲಿಟ್ಟು, ಕೈ ಹಿಂದೆ ತೆಗೆದು, ಪೆಡಲು ತುಳಿದರೆ ಮೇಲಿನ ಅಚ್ಚು ಧಡ್ಡೆಂದು ಇಳಿದು ಮುಚ್ಚಳ ಆಗುತ್ತಿತ್ತು. ಕೈ ತೆಗೆಯುವುದು ತಡವಾದರೆ ಬೆರಳು ಹೋದ ಹಾಗೆಯೇ. ಇಪ್ಪತ್ತು ವರ್ಷ ಅದರ ಮುಂದೆ ನಿಂತರೂ ಪೊರ್ಬುಗಳಿಗೆ ಏನೂ ಆಗಿರಲಿಲ್ಲ.

ನಾನು ಸೇರಿ ನಾಲ್ಕನೆಯ ವರ್ಷದಲ್ಲಿ ಡಬ್ಬಿಗಳು ಸೋರತೊಡಗಿದವು. ಪ್ರತಿಯೊಂದು ಡಬ್ಬಿಗೂ ಗಾಳಿ ತುಂಬಿಸಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ನೋಡುವ ಕ್ರಮ ಇತ್ತು. ಗುಳ್ಳೆ ಎದ್ದರೆ ಡಬ್ಬಿ ತಿರುಗಿ ನಮ್ಮ ಬೆಂಚಿಗೆ ಬರುತ್ತಿತ್ತು. ಮೊದಲು ದಿನಕ್ಕೆ ನಾಲ್ಕೈದು ಬರುತ್ತಿದ್ದದ್ದು ಆಗ ರಾಶಿ ರಾಶಿ ಬರತೊಡಗಿತು. ಮೇಸ್ತ್ರಿ ಬಂದು ಎಲ್ಲರೆದುರು ಬೈದರು.

"ನಿಮ್ಮ ಕೈಗೆ ಎಂತ ಆಗಿದೆ ಮಾರಾಯ್ತಿ? ಬಾಯಿ ನಡೆದಷ್ಟು ಕೈ ನಡೆಯುವುದಿಲ್ಲ ನಿಮಗೆ!"

ಅಂದಿನಿಂದ ಬೆಂಚಿನಲ್ಲಿ ಮಾತು ನಿಂತುಹೋಯಿತು. ನನ್ನ ಪಕ್ಕದವಳು ಅಳುತ್ತಲೇ ಬೆಸುಗೆ ಹಾಕುತ್ತಿದ್ದಳು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ವಾಪಸು ಬಂದ ಡಬ್ಬಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದೆ. ಹೆಚ್ಚಿನವು ಮುಚ್ಚಳದ ಒಂದೇ ಮೂಲೆಯಲ್ಲಿ ಸೋರುತ್ತಿದ್ದವು. ಇನ್ನೂ ಬೆಸುಗೆ ಹಾಕದ ಮುಚ್ಚಳಗಳನ್ನು ತೆಗೆದು ಆ ಮೂಲೆಯನ್ನು ನೋಡಿದರೆ ಅಲ್ಲಿ ಕೂದಲೆಳೆಯಂಥ ಒಂದು ಸುಕ್ಕು. ತಗಡು ಅಚ್ಚಿನಲ್ಲಿ ಸರಿಯಾಗಿ ಕೂರದೆ ಒಂದು ಬದಿಗೆ ವಾಲಿದರೆ ಹಾಗಾಗುತ್ತದೆ. ತಪ್ಪು ನಮ್ಮದಲ್ಲ, ಪ್ರೆಸ್ಸಿನದು.

ಮಧ್ಯಾಹ್ನ ಪೊರ್ಬುಗಳು ಹಿಂಬಾಗಿಲ ಮೆಟ್ಟಿಲಲ್ಲಿ ಕೂತು ಗಂಜಿ ಊಟ ಮಾಡುತ್ತಿದ್ದರು. ನಾನು ಒಂದು ಮುಚ್ಚಳ ತೆಗೆದುಕೊಂಡು ಹೋದೆ.

"ಪೊರ್ಬುಗಳೇ, ಇದನ್ನೊಮ್ಮೆ ನೋಡಿ. ಮೂಲೆಯಲ್ಲಿ ಸುಕ್ಕು ಉಂಟು."

ಅವರು ಎಡಗೈಯಲ್ಲಿ ಮುಚ್ಚಳ ಹಿಡಿದು ಬಿಸಿಲಿಗೆ ಎತ್ತಿದರು. ಮೂಗಿನ ಹತ್ತಿರ ತಂದರು. ಇನ್ನೊಂದು ಮೂಲೆಯನ್ನೇ ನೋಡುತ್ತಾ, "ಎಲ್ಲಿ?" ಎಂದರು. ನಾನು ಅವರ ಹೆಬ್ಬೆರಳನ್ನು ಹಿಡಿದು ಸುಕ್ಕಿನ ಮೇಲೆ ಇಟ್ಟೆ. ಬೆರಳು ಅಲ್ಲೇ ಹಿಂದೆ ಮುಂದೆ ಸರಿದಾಡಿ ನಿಂತಿತು. ಆಗ ನನಗೆ ವಿಷಯ ಗೊತ್ತಾಯಿತು.

"ಯಾರಿಗಾದ್ರೂ ಹೇಳಿದ್ಯಾ?" ಎಂದರು.

"ಇಲ್ಲ."

"ಒಂದು ವರ್ಷ ಆಯ್ತು ಮಗಾ. ಮಂಜಿನಲ್ಲಿ ನೋಡಿದ ಹಾಗೆ ಕಾಣ್ತದೆ. ಮನೆಯಲ್ಲಿ ಸಹ ಹೇಳ್ಲಿಲ್ಲ. ಕೈಗೆ ಅಭ್ಯಾಸ ಉಂಟಲ್ಲ, ಹಾಗೇ ನಡೆಸ್ತಾ ಇದ್ದೇನೆ."

ಪಾಪ ಅನಿಸಿತು. ಆದರೆ ಬೈಸಿಕೊಂಡವರು ನಾವು. "ಮೇಸ್ತ್ರಿ ಕೇಳಿದ್ರೆ ನಾನು ಸುಳ್ಳು ಹೇಳುವುದಿಲ್ಲ," ಎಂದೆ. ಅವರು ಕೈ ತೊಳೆದು ಒಳಗೆ ಹೋದರು.

ಮರುದಿನ ಬೆಳಿಗ್ಗೆ ನಾನು ಹೇಳಬೇಕಾಗಿ ಬರಲಿಲ್ಲ. ಅವರೇ ಮೇಸ್ತ್ರಿಯನ್ನು ಕರೆದು ಹೇಳಿದ್ದರು. ಅಷ್ಟೇ ಅಲ್ಲ, ನನ್ನ ಕಡೆ ಕೈ ತೋರಿಸಿ, "ಅವಳನ್ನು ನಿಲ್ಲಿಸಿ. ನಾನು ಬದಿಯಲ್ಲಿ ನಿಂತು ಕಲಿಸ್ತೇನೆ. ನನಗೆ ಕಾಣದ್ದು ಅವಳಿಗೆ ಕಾಣ್ತದೆ," ಎಂದರಂತೆ.

"ಹೆಂಗಸನ್ನಾ? ಸೆರಗು ಬೆಲ್ಟಿಗೆ ಸಿಕ್ಕಿದ್ರೆ ಯಾರು ಜವಾಬು?" ಎಂದು ಮೇಸ್ತ್ರಿ ಕೂಗಾಡಿದರು. ಆದರೆ ಡಬ್ಬಿಗಳನ್ನು ಹೊರುವ ಮಂಜಿ ಹಡಗು ಬಂದರಿನ ದಕ್ಕೆಯಲ್ಲಿ ಕಾಯುತ್ತಿತ್ತು. ಪ್ರೆಸ್ಸು ಗೊತ್ತಿದ್ದ ಬೇರೆ ಗಂಡಸು ಇರಲಿಲ್ಲ. ಮಾರನೆಯ ದಿನ ನಾನು ಅಣ್ಣನ ಹಳೆಯ ಖಾಕಿ ಅಂಗಿಯನ್ನು ಸೀರೆಯ ಮೇಲೆ ಹಾಕಿಕೊಂಡು, ಸೆರಗನ್ನು ಒಳಗೆ ಸಿಕ್ಕಿಸಿ ಬಂದೆ. ಮನೆಯಿಂದ ಹೊರಡುವಾಗ ಅಮ್ಮ, "ಎಂತ ವೇಷ ಇದು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಕೊಟ್ಟಿಗೆಗೆ ಹೋದಳು.

ಎರಡು ದಿನ ಪೊರ್ಬುಗಳು ಬೆಲ್ಟು ಕಳಚಿಟ್ಟೇ ಕಲಿಸಿದರು. ಇಡು, ತೆಗೆ, ತುಳಿ. ಇಡು, ತೆಗೆ, ತುಳಿ. ನನ್ನ ಕಾಲು ಕೈಗಿಂತ ಒಂದಿಷ್ಟು ಮುಂಚೆ ಹೋದರೂ ಹೆಗಲಿಗೆ ಒಂದು ಪೆಟ್ಟು. ಮೂರನೆಯ ದಿನ ಬೆಲ್ಟು ಹಾಕಿದರು. ಮೊದಲ ಸಲ ಅಚ್ಚು ಇಳಿದಾಗ ನೆಲದ ನಡುಕ ನನ್ನ ಹಲ್ಲಿನವರೆಗೂ ಬಂತು. ಮುಚ್ಚಳ ಎತ್ತಿಕೊಟ್ಟೆ. ಅವರು ನಾಲ್ಕೂ ಮೂಲೆಯಲ್ಲಿ ಹೆಬ್ಬೆರಳು ಆಡಿಸಿ, "ಹ್ಞಾಂ, ಇನ್ನೊಂದು," ಎಂದರು.

ಹೀಗೆ ಒಂದೂವರೆ ವರ್ಷ ನಡೆಯಿತು. ನಾನು ಒತ್ತುತ್ತಿದ್ದೆ, ಅವರು ಮುಟ್ಟಿ ನೋಡುತ್ತಿದ್ದರು. ಅಚ್ಚು ಕೂರಿಸುವುದನ್ನೂ ಬೆರಳಿನಿಂದಲೇ ಮಾಡುತ್ತಿದ್ದರು. ತೊಟ್ಟಿಯಲ್ಲಿ ಗುಳ್ಳೆ ಕಡಿಮೆಯಾಯಿತು. ಬೆಂಚಿನಲ್ಲಿ ಮಾತು ತಿರುಗಿ ಶುರುವಾಯಿತು. ಕೆಲಸ ನನಗೆ ಹಿಡಿಸಿತು, ಅದನ್ನು ಮುಚ್ಚಿಡುವುದಿಲ್ಲ. ಬೆಂಚಿನಲ್ಲಿ ಎಂಟು ಜನರಲ್ಲಿ ಒಬ್ಬಳಾಗಿದ್ದೆ. ಪ್ರೆಸ್ಸಿನ ಎದುರು ನಾನೊಬ್ಬಳೇ.

ಆಮೇಲೆ ಮನೆಯವರ ಒತ್ತಾಯಕ್ಕೆ ಪೊರ್ಬುಗಳು ಕಣ್ಣಿನ ಪೊರೆ ತೆಗೆಸಿಕೊಂಡರು. ಎರಡು ತಿಂಗಳು ಕಳೆದು ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು ಬಂದರು. ಮೇಸ್ತ್ರಿ ಅವತ್ತೇ ಅವರನ್ನು ಪ್ರೆಸ್ಸಿಗೆ ನಿಲ್ಲಿಸಿ ನನ್ನನ್ನು ಬೆಂಚಿಗೆ ಕಳಿಸಿದರು. ಪೊರ್ಬುಗಳು ಒಂದು ಮಾತೂ ಆಡಲಿಲ್ಲ. ಅವರಿಗೆ ಖುಷಿಯಾದದ್ದು ಮುಖದಲ್ಲಿ ಕಾಣುತ್ತಿತ್ತು.

ಮೂರು ವಾರ ನಾನು ಅವರೊಡನೆ ಮಾತು ಬಿಟ್ಟೆ. ಬೆಂಚಿನಲ್ಲಿ ಕೂತು ಅವರ ಬೆನ್ನನ್ನೇ ನೋಡುತ್ತಿದ್ದೆ. ಅವರಿಂದ ಆಗದೆ ಹೋಗಲಿ ಎಂದು ಮನಸ್ಸಿನೊಳಗೆ ಬಯಸುತ್ತಿದ್ದೆ. ಹಾಗೆ ನೋಡುತ್ತಿದ್ದಾಗಲೇ ಒಂದು ದಿನ ಅವರ ಕೈ ತಗಡಿನ ಹತ್ತಿರ ಹೋಗಿ, ತಗಡು ಸಿಗದೆ ಗಾಳಿಯಲ್ಲಿ ತಡಕಾಡಿತು. ಕಾಲು ಅಷ್ಟರಲ್ಲಿ ಪೆಡಲು ತುಳಿದಾಗಿತ್ತು. ಅಚ್ಚು ಇಳಿಯಿತು. ನಾನು ಕಿರುಚಿದೆ.

ಕೈ ಉಳಿಯಿತು. ಅಂಗಿಯ ತೋಳು ಅಚ್ಚಿನೊಳಗೆ ಸಿಕ್ಕಿ ಮೊಣಕೈವರೆಗೆ ಹರಿದಿತ್ತು. ಅವರು ಬೆಲ್ಟು ಜಾರಿಸಿ ಯಂತ್ರ ನಿಲ್ಲಿಸಿದರು. ಹರಿದ ತೋಳಿನಲ್ಲೇ ಬೆಂಚಿಗೆ ಬಂದು ನನ್ನ ಕೈಯಿಂದ ಬೆಸುಗೆಯ ಕಬ್ಬಿಣ ತೆಗೆದು ಕೆಳಗಿಟ್ಟರು.

"ಈ ಗಾಜಿನಲ್ಲಿ ಎಲ್ಲ ಹತ್ತಿರ ಕಾಣ್ತದೆ ಮಗಾ. ಕೈ ಹೋದಲ್ಲಿ ತಗಡು ಇರುವುದಿಲ್ಲ. ಹೋಗು, ನೀನೇ ನಿಲ್ಲು."

ನಾನು ಬಯಸಿದ್ದೇ ಆಗಿತ್ತು. ಆದರೆ ಅವತ್ತು ನನ್ನಿಂದ ಒಂದು ಮುಚ್ಚಳವೂ ಒತ್ತಲಾಗಲಿಲ್ಲ. ಮೇಸ್ತ್ರಿಯೂ ನನ್ನನ್ನು ತಿರುಗಿ ಬೆಂಚಿಗೆ ಕಳಿಸಲಿಲ್ಲ. ಮರುದಿನ ಮೆಟ್ಟಿಲಲ್ಲಿ ಅವರ ಹತ್ತಿರ ಹೋಗಿ, "ನಿಮ್ಮ ಮೇಲೆ ತುಂಬಾ ಸಿಟ್ಟಿತ್ತು ಪೊರ್ಬುಗಳೇ," ಎಂದೆ.

"ಗೊತ್ತುಂಟು. ಮೂರು ವಾರ ಬೆನ್ನು ಸುಡ್ತಾ ಇತ್ತು," ಎಂದು ನಕ್ಕರು. ಮತ್ತೆ, "ನಾನು ಸಹ ಮೇಸ್ತ್ರಿಗೆ ಒಂದು ಮಾತು ಹೇಳಬಹುದಿತ್ತು. ಹೇಳ್ಲಿಲ್ಲ," ಎಂದರು.

ಆಮೇಲೆ ಅಚ್ಚು ಕೂರಿಸುವ, ಸವೆದದ್ದನ್ನು ಉಜ್ಜಿ ಸರಿಮಾಡುವ ಕೆಲಸ ಅವರದಾಯಿತು. ಮೂರು ವರ್ಷ ಅದನ್ನು ಮಾಡಿ ಬಜಪೆಯ ಮಗಳ ಮನೆಗೆ ಹೋದರು. ನಾನು ಅಚ್ಚಿನ ಕೆಲಸವನ್ನೂ ಕಲಿತಿದ್ದೆ. ಕಾರ್ಖಾನೆಗೆ ಎರಡನೆಯ ಪ್ರೆಸ್ಸು ಬಂದಾಗ, ಅದಕ್ಕೆ ಬೆಂಚಿನಿಂದ ಯಾರನ್ನು ಕರೆಯಲಿ ಎಂದು ಮೇಸ್ತ್ರಿ ನನ್ನನ್ನೇ ಕೇಳಿದರು. ಹಿಂದೆ ಡಬ್ಬಿ ಸೋರುತ್ತಿದ್ದಾಗ ನನ್ನ ಪಕ್ಕದಲ್ಲಿ ಅಳುತ್ತಾ ಬೆಸುಗೆ ಹಾಕುತ್ತಿದ್ದವಳನ್ನು ತೋರಿಸಿದೆ. ಅವಳು ನನಗಿಂತ ಬೇಗ ಕಲಿತಳು.